ಡೆತ್ ನೋಟ್: ಚಿಪ್ಸ್ ಪ್ಯಾಕೆಟ್ಟಿನೊಳಗೆ ಸಾವು

ಕೋಣೆ ತುಂಬ ಗುಪ್ತ ಕ್ಯಾಮೆರಾ. ಹುಡುಗನ ಬಲಗೈ ಲೆಕ್ಕ ಬಿಡಿಸುತ್ತಿದೆ, ಎಡಗೈ ಚಿಪ್ಸ್ ಪ್ಯಾಕೆಟ್ಟಿನೊಳಗಿದೆ. ಅಲ್ಲೊಂದು ಪುಟ್ಟ ಟಿವಿ, ಒಂದು ಚೂರು ಹಾಳೆ. ಆ ಹಾಳೆಯಲ್ಲಿ ಹೆಸರು ಬರೆದರೆ ಸಾಕು, ಆ ಮನುಷ್ಯ ಸತ್ತ!

ಇದು ಜಪಾನಿನ ‘ಡೆತ್ ನೋಟ್’. 2006ರಲ್ಲಿ ಶುರುವಾದ 37 ಕಂತುಗಳ ಅನಿಮೆ. ಸಾವಿನ ದೇವತೆ ರಿಯೂಕ್ ಬೇಜಾರು ಕಳೆಯಲು ಬೀಳಿಸಿದ, ಆ ಹಾಳೆಯ ಪುಸ್ತಕ ಲೈಟ್ ಎಂಬ ಈ ಹುಡುಗನ ಕೈಗೆ ಸಿಗುತ್ತದೆ. ಪಾತಕಿಗಳನ್ನು ಕೊಲ್ಲುತ್ತ ಕೊಲ್ಲುತ್ತ ಅವನೇ ದೇವರಾಗಲು ಹೊರಡುತ್ತಾನೆ. ಅವನ ಬೆನ್ನು ಹತ್ತುವವನು ಪತ್ತೇದಾರ ಎಲ್.

ದೇಶದೇಶಗಳ ಜನ ಮುಗಿಬಿದ್ದು ನೋಡಿದರು. ಚೀನಾ 2015ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿತು.

ಇನ್ನೂ ನೋಡಿಲ್ಲವಾದರೆ ಇಲ್ಲೇ ನಿಲ್ಲಿಸಿ. 25ನೇ ಕಂತಿನಲ್ಲಿ ಎಲ್ ಸತ್ತ ಮೇಲೆ ಕಥೆ ಸಪ್ಪೆಯಾಯಿತು ಅಂತ ಬಹಳ ಅಭಿಮಾನಿಗಳ ದೂರು. ನಿಜ, ಎಲ್ ಜಾಗಕ್ಕೆ ಬರುವ ನಿಯರ್ ಬುದ್ಧಿವಂತನೇ, ಆದರೆ ಎದುರುಬದುರು ಕೂತು ಕೆಣಕುವ ಆ ಬಿಸಿ ಅವನಲ್ಲಿಲ್ಲ. ಆದರೂ ಕೊನೇ ಕಂತು ಬಿಡಬೇಡಿ. ಲೈಟ್ ಸೋಲುವುದನ್ನು ನೋಡಲೇಬೇಕು.