ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ಫುಟ್ಬಾಲ್ ಆಟಗಾರ

ಫುಟ್ಬಾಲ್ ಎಂದರೆ ನಮಗೆ ಮೊದಲು ನೆನಪಾಗುವುದು ಕೋಟಿಗಟ್ಟಲೆ ಗಳಿಸುವ ತಾರೆಗಳು. ಆದರೆ ಈ ಆಟವನ್ನೇ ಕಸುಬಾಗಿಸಿಕೊಂಡವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳ ಒಪ್ಪಂದ ಮಾಡಿಕೊಂಡು, ಅದು ಮುಗಿದೊಡನೆ ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟುವವರು. ಬೆಂಗಳೂರು ಎಫ್‌ಸಿ ತಂಡದ ಮೂಲಕ ನಮ್ಮವರಿಗೆ ಪರಿಚಿತರಾದ ರಯಾನ್ ವಿಲಿಯಮ್ಸ್ ಅಂಥವರಲ್ಲಿ ಒಬ್ಬರು.

ಇವರು 1993ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಜನಿಸಿದರು. ತಾಯಿ ಮುಂಬಯಿಯ ಆಂಗ್ಲೋ ಇಂಡಿಯನ್ ಕುಟುಂಬದವರು. ತಾಯಿಯ ತಂದೆ ಲಿಂಕನ್ ಗ್ರೊಸ್ಟೇಟ್ 1950ರ ದಶಕದಲ್ಲಿ ಸಂತೋಷ್ ಟ್ರೋಫಿಯಲ್ಲಿ ಬೊಂಬಾಯಿ ಪರ ಆಡಿದವರು. ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋದ ರಯಾನ್, ಹಣದ ಮುಗ್ಗಟ್ಟಿನಲ್ಲಿದ್ದ ಪೋರ್ಟ್ಸ್‌ಮತ್ ಕ್ಲಬ್ಬಿನಿಂದ 2012ರಲ್ಲಿ ಫುಲ್ಹಾಮ್ ಸೇರಿದರು. ಮುಂದೆ ಬಾರ್ನ್ಸ್‌ಲಿ, ರಾದರ್‌ಹ್ಯಾಮ್, ಮತ್ತೆ ಪೋರ್ಟ್ಸ್‌ಮತ್, ಆಕ್ಸ್‌ಫರ್ಡ್ ಯುನೈಟೆಡ್. ಬಳಿಕ ಊರಿನ ಪರ್ತ್ ಗ್ಲೋರಿ. 2019ರಲ್ಲಿ ಆಸ್ಟ್ರೇಲಿಯಾದ ಹಿರಿಯರ ತಂಡದಲ್ಲಿ ಸ್ಥಾನ ಸಿಕ್ಕಿತಾದರೂ ಆಡಿದ್ದು ದಕ್ಷಿಣ ಕೊರಿಯಾ ವಿರುದ್ಧದ ಒಂದೇ ಸ್ನೇಹಪರ ಪಂದ್ಯ. 2023ರಲ್ಲಿ ಬೆಂಗಳೂರಿಗೆ ಬಂದರು.

ತಾಯಿ ಭಾರತದವರಾಗಿದ್ದರೂ ಅವರು ಭಾರತ ತಂಡಕ್ಕೆ ಆಡುವಂತಿರಲಿಲ್ಲ ಏಕೆ? ನಮ್ಮ ಚರ್ಚುಗಳ ಅನೇಕ ಕುಟುಂಬಗಳ ಮಕ್ಕಳು ವಿದೇಶದಲ್ಲಿ ನೆಲೆಸಿರುವುದರಿಂದ ಇದನ್ನು ತುಸು ವಿವರವಾಗಿ ತಿಳಿಯುವುದು ಒಳಿತು. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ವಿದೇಶಿ ಪಾಸ್‌ಪೋರ್ಟ್ ಹೊಂದಿರುವ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಜೀವನಪರ್ಯಂತದ ವೀಸಾ ಮಾತ್ರ. ಹೆಸರಿನಲ್ಲಿ ಪೌರತ್ವ ಎಂದಿದ್ದರೂ ಮತದಾನದ ಹಕ್ಕಿಲ್ಲ, ಕೃಷಿ ಭೂಮಿ ಖರೀದಿಸುವಂತಿಲ್ಲ. ಭಾರತೀಯ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶವನ್ನು ಪ್ರತಿನಿಧಿಸಬೇಕೆಂದು ಕೇಂದ್ರ ಸರಕಾರ 2008ರಲ್ಲಿ ನಿರ್ಧರಿಸಿತು. ಓಸಿಐ ಆಗಿ 5 ವರ್ಷ ಕಳೆದವರು, ಅರ್ಜಿಗೆ ಮುನ್ನ 12 ತಿಂಗಳು ಇಲ್ಲೇ ವಾಸವಿದ್ದರೆ, ಪೌರತ್ವ ಕೋರಬಹುದು. ಆದರೆ ಹಳೆಯ ಪಾಸ್‌ಪೋರ್ಟ್ ತ್ಯಜಿಸಲೇಬೇಕು. ಜಪಾನಿನಲ್ಲಿ ಹುಟ್ಟಿ ಬೆಳೆದ, ಗುಜರಾತಿ ತಂದೆಯ ಮಗ ಅರಾತಾ ಇಜುಮಿ ಹೀಗೆಯೇ ಜಪಾನಿನ ಪೌರತ್ವ ಬಿಟ್ಟು 2013ರಲ್ಲಿ ಭಾರತದ ಪರ ಆಡಿದ್ದರು. ಆ ಬಳಿಕ ಈ ದಾರಿ ಹಿಡಿದವರು ರಯಾನ್.

2025ರ ನವೆಂಬರಿನಲ್ಲಿ ಸುನಿಲ್ ಛೆಟ್ರಿ ಅವರ ಕೈಯಿಂದ ಅವರು ಭಾರತೀಯ ಪಾಸ್‌ಪೋರ್ಟ್ ಸ್ವೀಕರಿಸಿದರು. ಆಗ ಅವರಿಗೆ 32 ವರ್ಷ. ಫುಟ್ಬಾಲಿಗನ ಪಾಲಿಗೆ ಇದು ಇಳಿ ವಯಸ್ಸು ಎಂದರೂ ತಪ್ಪಲ್ಲ! ಅದೂ ಎಂಥ ಕಾಲದಲ್ಲಿ? ಇಂಡಿಯನ್ ಸೂಪರ್ ಲೀಗ್ ನಡೆಯುವುದೋ ಇಲ್ಲವೋ ಎಂಬ ಗೊಂದಲದಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವನ್ನೇ ತಡೆಹಿಡಿದಿತ್ತು. ಅಕ್ಟೋಬರಿನಲ್ಲಿ ಸಿಂಗಾಪುರಕ್ಕೆ ಸೋತು, 2027ರ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸುವ ಭಾರತದ ಆಸೆಯೂ ಮುಗಿದಿತ್ತು. ಲಾಭನಷ್ಟದ ಲೆಕ್ಕ ಹಾಕುವವರು ಇಂಥ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನು ಬಿಟ್ಟುಕೊಡಲಾರರು ಎಂಬುದು ನಮ್ಮ ಅನಿಸಿಕೆ.

ಪಾಸ್‌ಪೋರ್ಟ್ ಬಂದರೂ ಕಾಗದಪತ್ರದ ಕೆಲಸ ಮುಗಿದಿರಲಿಲ್ಲ. ಒಂದು ದೇಶದ ಪರ ಆಡಿದವರು ಇನ್ನೊಂದು ದೇಶಕ್ಕೆ ಆಡಬೇಕಾದರೆ ಫಿಫಾದ ಒಪ್ಪಿಗೆ ಬೇಕು. ಆಡಿದ್ದು ಸ್ನೇಹಪರ ಪಂದ್ಯವಾದ್ದರಿಂದ ನಿಯಮದ ಅಡ್ಡಿ ಇರಲಿಲ್ಲ. ಆದರೂ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ ಅವರು ಮೈದಾನಕ್ಕಿಳಿಯಲಾಗಲಿಲ್ಲ. ಭಾರತ 0-1ರಿಂದ ಸೋತಿತು. ಅನುಮತಿ ಬಂದದ್ದು ಆ ಪಂದ್ಯ ಮುಗಿದ ಬಳಿಕ.