ಸಾಂಕ್ರಾಮಿಕ ರೋಗಕಾಲದಲ್ಲಿ ಗ್ರಾಮದ ನೀರಿನ ವ್ಯವಸ್ಥೆ

ದೇಶದಲ್ಲಿ ಸಾಂಕ್ರಾಮಿಕ ಜಾಡ್ಯವು ಹರಡಿದಾಗ ಗ್ರಾಮಮುಖ್ಯರು ಔಷಧದಷ್ಟೇ ನೀರನ್ನು ಕುರಿತೂ ಯೋಚಿಸುವುದು ಅವಶ್ಯಕವಾಗಿರುತ್ತದೆ. ೨೦೨೦ನೆಯ ಇಸವಿಯ ಕೋವಿಡ್ ಜಾಡ್ಯವು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚಿ ೨೫ನೆಯ ತಾರೀಖಿನಿಂದ ದೇಶದಲ್ಲೆಲ್ಲಾ ಸಂಚಾರವು ನಿರ್ಬಂಧಿಸಲ್ಪಟ್ಟಿತು. ಪಟ್ಟಣಗಳಿಗೆ ಕೂಲಿಗೆ ಹೋಗಿದ್ದವರು ತಂಡತಂಡವಾಗಿ ಹಳ್ಳಿಗಳಿಗೆ ಹಿಂದಿರುಗಿದರು. ಕಾಲವು ಬೇಸಿಗೆ, ಬಾವಿಗಳು ತಳ ಕಾಣುವ ಸಮಯ. ನೀರು ಕಡಮೆಯಾಗುವಾಗಲೇ ಬಳಸುವವರು ಹೆಚ್ಚಿದರು.

ನೀರಿನ ವೆಚ್ಚ: ಸಾಬೂನಿನಿಂದ ೨೦ ಸೆಕೆಂಡುಗಳಾದರೂ ಕೈ ತೊಳೆಯಬೇಕೆಂಬುದು ಆಗಿನ ವೈದ್ಯಸೂಚನೆ. ಒಬ್ಬನು ದಿನಕ್ಕೆ ಹತ್ತು ಸಲ, ಸಲಕ್ಕೆ ಒಂದು ಲೀಟರಿನಂತೆ ತೊಳೆದರೂ, ೫೦೦ ಜನರ ಹಳ್ಳಿಗೆ ಇದೊಂದಕ್ಕೇ ದಿನವಹಿ ೫,೦೦೦ ಲೀಟರು ಬೇಕು. ಜಲಜೀವನ ಯೋಜನೆಯಲ್ಲಿ ದಿನಕ್ಕೆ ತಲೆಗೆ ಗೊತ್ತುಮಾಡಿರುವ ೫೫ ಲೀಟರಿನಲ್ಲಿ ಇದು ಸುಮಾರು ಐದನೆಯ ಒಂದು ಪಾಲು. ಆದುದರಿಂದ ಸಾಬೂನು ಉಜ್ಜುವಾಗ ಕೊಳಾಯಿಯನ್ನು ನಿಲ್ಲಿಸತಕ್ಕದ್ದು. ಕುಡಿಯುವ ನೀರಿನ ಕೊಳವೆಬಾವಿಗೂ ತೋಟದ ಕೊಳವೆಬಾವಿಗೂ ಅನೇಕ ಕಡೆ ನೆಲದಡಿಯ ನೀರು ಒಂದೇ. ಜಮೀನುದಾರರು ಪಂಪುಗಳನ್ನು ಸರದಿಯಂತೆ ನಡೆಯಿಸಿ, ಹನಿ ನೀರಾವರಿಯನ್ನೂ ತರಗೆಲೆಯ ಹೊದಿಕೆಯನ್ನೂ ಅನುಸರಿಸಿದರೆ ಬೆಳೆಯೂ ಉಳಿಯುವುದು, ಊರಿಗೂ ನೀರು ಮಿಗುವುದು.

ನೀರಿನ ಶುದ್ಧಿ: ಕೋವಿಡ್ ರೋಗವು ಕುಡಿಯುವ ನೀರಿನ ಮೂಲಕ ಹರಡಿದುದಕ್ಕೆ ಆಧಾರವಿಲ್ಲ. ಆದರೆ ಜನ ಹೆಚ್ಚಿದಂತೆ ಬಾವಿಯ ಸುತ್ತ ಹೊಲಸು ಹೆಚ್ಚಿ, ಕಾಲರಾ, ವಿಷಮಶೀತಜ್ವರ, ಆಮಶಂಕೆಗಳಿಗೆ ಅವಕಾಶವಾಗುತ್ತದೆ. ಆಸ್ಪತ್ರೆಗಳು ತುಂಬಿರುವಾಗ ಇವೂ ಬಂದರೆ ವಿಪತ್ತು ಇಮ್ಮಡಿಯಾಗುವುದು. ಆದಕಾರಣ ಬಾವಿಗೆ ಕ್ರಮವಾಗಿ ಬ್ಲೀಚಿಂಗ್ ಪೌಡರು ಹಾಕಿಸತಕ್ಕದ್ದು.

ಪ್ರಮಾಣವು ೧,೦೦೦ ಲೀಟರಿಗೆ ಸುಮಾರು ೨.೫ ಗ್ರಾಂ. ದುಂಡು ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದುದನ್ನು ನೀರಿನ ಆಳದಿಂದಲೂ ೭೮೫ರಿಂದಲೂ ಗುಣಿಸಿದರೆ ಲೀಟರುಗಳು ದೊರೆಯುತ್ತವೆ, ಅಳತೆಗಳು ಮೀಟರಿನಲ್ಲಿರಬೇಕು. ೩ ಮೀಟರು ವ್ಯಾಸದ, ೪ ಮೀಟರು ನೀರುಳ್ಳ ಬಾವಿಯಲ್ಲಿ ೨೮,೨೬೦ ಲೀಟರು. ಅದಕ್ಕೆ ಸುಮಾರು ೭೦ ಗ್ರಾಂ ಸಾಕು. ಪುಡಿಯನ್ನು ಬಕೀಟಿನಲ್ಲಿ ಕಲಸಿ, ಹತ್ತು ನಿಮಿಷ ತಿಳಿಯಾಗಲು ಬಿಟ್ಟು, ತಿಳಿಯನ್ನು ಮಾತ್ರ ಇನ್ನೊಂದು ಬಕೀಟಿಗೆ ಬಗ್ಗಿಸಿ, ಬಾವಿಯೊಳಗೆ ಇಳಿಬಿಟ್ಟು ಚೆನ್ನಾಗಿ ಆಡಿಸಬೇಕು. ತಳದ ಸುಣ್ಣವನ್ನು ಹಾಕಕೂಡದು, ನೀರು ಗಡುಸಾಗುತ್ತದೆ. ಒಂದು ಗಂಟೆಯವರೆಗೆ ಯಾರೂ ನೀರು ಸೇದಕೂಡದು. ರಾತ್ರಿಯ ವೇಳೆ ಇದಕ್ಕೆ ಅನುಕೂಲ.

ಮೇಲ್ವಿಚಾರಣೆ: ಮುಚ್ಚಿದ್ದ ಶಾಲೆಯನ್ನು ತೆರೆಯುವ ಮೊದಲು ತೊಟ್ಟಿಯ ಹಳೆಯ ನೀರನ್ನು ಹೊರಬಿಟ್ಟು ತೊಳೆಯಿಸಬೇಕು, ನಿಂತ ನೀರಿನಲ್ಲಿ ಕ್ಲೋರಿನ್ ಉಳಿಯದು. ಬಚ್ಚಲ ನೀರು ಬಾವಿಗೆ ೧೫ ಮೀಟರಿನೊಳಗೆ ನಿಲ್ಲಕೂಡದು. ನೀರುಗಂಟಿಯೇ ಕಾಯಿಲೆ ಬಿದ್ದರೆ ಊರೆಲ್ಲಾ ಬಾಯಾರಬೇಕಾಗುವುದರಿಂದ, ಪಂಪು ನಡೆಯಿಸಲೂ ಔಷಧ ಹಾಕಲೂ ಬಲ್ಲ ಇನ್ನಿಬ್ಬರನ್ನು ಮುಂಚಿತವಾಗಿಯೇ ತಯಾರುಮಾಡಿರುವುದು ಗ್ರಾಮಮುಖ್ಯರ ಕರ್ತವ್ಯ.