ಗೇಮಿಂಗ್ ಕಂಪ್ಯೂಟರ್ ಮತ್ತು ಜತ್ತದ ಬಿಸಿಲು

ಗೇಮಿಂಗ್ ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಮಾರ್ಪಟ್ಟು ಅದೇ ಕೋಣೆಗೆ ಬಂದು ಸೇರುತ್ತದೆ. ಪರದೆಯ ಮೇಲೆ ಓಡುವ ಕಾರಾಗಲಿ, ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬಿಡಿಸುವ ನೆರಳು ಬೆಳಕಾಗಲಿ ಆ ಶಕ್ತಿಯನ್ನು ತನ್ನಲ್ಲಿ ಉಳಿಸಿಕೊಳ್ಳುವುದಿಲ್ಲ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರ್‌ಗೆ ಪೂರ್ಣ ಟರ್ಬೊದಲ್ಲಿ, ಅಂದರೆ ಮೂಲ ವೇಗಕ್ಕಿಂತ ಮೇಲೆ ಓಡುವಾಗ, 253 ವ್ಯಾಟ್ ಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡಿನ ಮಿತಿ 450 ವ್ಯಾಟ್, 2025ರಲ್ಲಿ ಬಂದ 5090ರದು 575 ವ್ಯಾಟ್. ಇಂಥ ಪ್ರೊಸೆಸರ್ ಮತ್ತು ಕಾರ್ಡು ಜೊತೆಯಾಗಿ ಮೈಮುರಿದು ದುಡಿದರೆ ಮುಕ್ಕಾಲು ಕಿಲೋವ್ಯಾಟ್ ಆಸುಪಾಸಿನ ಶಾಖವನ್ನು ಹೊರಗೆ ಸಾಗಿಸಬೇಕಾಗುತ್ತದೆ. ಈ ಯಂತ್ರಗಳ ವೇಗ, ಸದ್ದು, ಬೆಲೆ, ಆಯಸ್ಸು ನಾಲ್ಕೂ ಆ ಸಾಗಣೆ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದರ ಮೇಲೆ ನಿಂತಿವೆ.

ಸಾಗಣೆ ಕಷ್ಟವಾಗುವ ಜಾಗಗಳಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕೂ ಒಂದು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಬರದ ಸೀಮೆ ಇದು. ಉಮದಿ, ಸಂಖದಂಥ ಕನ್ನಡ ಮಾತಿನ ಊರುಗಳಿರುವ ಪೂರ್ವ ಭಾಗವಂತೂ ವಿಜಯಪುರದ ಬಯಲಿಗೆ ತಾಗಿಕೊಂಡೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಪತ್ರಾಸಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಮಾರುಕಟ್ಟೆಯ ಹಲವು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಗೆ ತಕ್ಕ ಹವೆಯ ಮೇಲ್ಮಿತಿಯೆಂದು 35 ಡಿಗ್ರಿಯನ್ನು ನಮೂದಿಸಿರುತ್ತಾರೆ. ಅಂದರೆ ವರ್ಷದಲ್ಲಿ ಕೆಲವು ವಾರ ಇಲ್ಲಿನ ಮಧ್ಯಾಹ್ನ ತಯಾರಕರು ಎಣಿಸಿದ ಲೋಕದ ಹೊರಗಿರುತ್ತದೆ. ಅಂತರಜಾಲದಲ್ಲಿ ಸಿಗುವ ಅಳತೆಗಳು ಸಾಮಾನ್ಯವಾಗಿ 20–25 ಡಿಗ್ರಿಯ ಕೋಣೆಯವು. ಅವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಿದರೆ ಲೆಕ್ಕ ತಪ್ಪುತ್ತದೆ.

ಶಾಖ ಹುಟ್ಟುವುದು ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳಲ್ಲಿ. ಒಂದೊಂದು ಟ್ರಾನ್ಸಿಸ್ಟರ್ ತೆರೆದು ಮುಚ್ಚಿದಾಗಲೂ ಅಲ್ಲಿನ ಅತಿಸಣ್ಣ ವಿದ್ಯುದಾವೇಶ ತುಂಬಿ ಖಾಲಿಯಾಗುತ್ತದೆ. ಇದಕ್ಕೆ ತಗಲುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಸೆಕೆಂಡಿಗೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂಬ ಕ್ಲಾಕ್ ವೇಗ ಅದಕ್ಕೆ ಗುಣಕ. ಟ್ರಾನ್ಸಿಸ್ಟರ್ ಕುಗ್ಗಿದಂತೆ ವೋಲ್ಟೇಜೂ ಕುಗ್ಗುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಕೆಲಸ ಮಾಡಿಸಿದರೂ ಶಾಖ ಹೆಚ್ಚದು ಎಂದು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂರು ದಶಕ ಕಂಪ್ಯೂಟರ್ ಉದ್ಯಮ ಆ ಸೂತ್ರದ ಬಲದಲ್ಲಿ ಓಡಿತು. 2005–06ರ ಹೊತ್ತಿಗೆ ವೋಲ್ಟೇಜನ್ನು ಇನ್ನು ಇಳಿಸಲಾಗದ ಹಂತ ಬಂತು, ಸೂತ್ರ ಕೈಕೊಟ್ಟಿತು. ಇಂದಿನ ಗೇಮಿಂಗ್ ಯಂತ್ರದ ಶಾಖದ ತಾಪತ್ರಯ ಅಲ್ಲಿಂದ ಶುರು.

ಚಿಪ್ಪನ್ನು ಅದರ ಗರಿಷ್ಠ ವೇಗದ ಹತ್ತಿರ ಓಡಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ವೇಗ ಏರಿದ್ದಕ್ಕೆ ಒಂದು ಪಾಲು, ವೋಲ್ಟೇಜಿನ ವರ್ಗಕ್ಕೆ ಎರಡು ಪಾಲು ಸೇರಿ ವಿದ್ಯುತ್ತಿನ ಖರ್ಚು ಸುಮಾರಾಗಿ ವೇಗದ ಘನಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಶೇಕಡಾ 10ರಷ್ಟು ಹೆಚ್ಚು ವೇಗಕ್ಕೆ ಶೇಕಡಾ 33ರಷ್ಟು ಹೆಚ್ಚು ವಿದ್ಯುತ್ತು. ತಿರುಗಿಸಿ ನೋಡಿದರೆ, ವಿದ್ಯುತ್ತಿನಲ್ಲಿ ಐದರಲ್ಲೊಂದು ಪಾಲು ಕಡಿದರೂ ವೇಗ ಇಳಿಯುವುದು ಶೇಕಡಾ 7ರಷ್ಟು ಮಾತ್ರ. ಬಿಸಿಲು ನಾಡಿನ ಬಳಕೆದಾರರಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಬೆಲೆಬಾಳುವ ಅಂಕಿ ಇನ್ನೊಂದಿಲ್ಲ. ಕೊನೆಯ ನಾಲ್ಕಾರು ಶೇಕಡಾ ವೇಗವೇ ಅತಿ ದುಬಾರಿ. ಅಂಗಡಿಯ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದೂ ಅದೇ ವೇಗ. ಕಂಪನಿಗಳು ಒಂದರ ಮೇಲೊಂದು ಪೈಪೋಟಿಗೆ ಬಿದ್ದು ಚಿಪ್ಪುಗಳನ್ನು ಆ ತುದಿಗೇ ಹೊಂದಿಸಿ ಮಾರುತ್ತವೆ.

ಹುಟ್ಟಿದ ಶಾಖ ಮೊದಲು ಚಿಪ್ಪಿನ ಮೈಯಿಂದ ತಾಮ್ರದ ತಟ್ಟೆಗೆ ದಾಟಬೇಕು. ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಗಾಳಿಯ ಸಂದುಗಳಿರುತ್ತವೆ. ಅವನ್ನು ತುಂಬಲು ಥರ್ಮಲ್ ಪೇಸ್ಟ್ ಹಚ್ಚುತ್ತಾರೆ. ಪದೇಪದೇ ಕಾದು ಆರಿದ ಪೇಸ್ಟ್ ವರ್ಷಗಳು ಕಳೆದಂತೆ ಅಂಚಿಗೆ ಸರಿಯುತ್ತದೆ, ಒಣಗುತ್ತದೆ. ಕೆಲವು ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಅದರ ಬದಲು ಗ್ಯಾಲಿಯಂ ಮಿಶ್ರಲೋಹದ ದ್ರವ ಲೋಹ ಇರುತ್ತದೆ. ಪೇಸ್ಟಿಗಿಂತ ಹಲವು ಪಟ್ಟು ಚೆನ್ನಾಗಿ ಶಾಖ ದಾಟಿಸುವ ಈ ವಸ್ತು ವಿದ್ಯುತ್ತನ್ನೂ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಒಂದು ಹನಿ ಜಾರಿ ಬೋರ್ಡಿನ ಮೇಲೆ ಬಿದ್ದರೆ ಯಂತ್ರ ಹೋದಂತೆಯೇ. ಇದರ ಕೆಲಸ ಬಲ್ಲ ರಿಪೇರಿಯವರು ಹತ್ತಿರದಲ್ಲಿಲ್ಲದ ಊರಿನಲ್ಲಿ ಒಳ್ಳೆಯ ಪೇಸ್ಟೇ ಮೇಲು.

ತಾಮ್ರದ ತಟ್ಟೆಯಿಂದ ಮುಂದಿನ ಪಯಣ ಹೀಟ್ ಪೈಪಿನದು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ರೂಪಿಸಿ ತೋರಿಸಿದ ಈ ಕೊಳವೆ ಹೊರಗಿಂದ ಚಪ್ಪಟೆ ತಾಮ್ರದ ಪಟ್ಟಿಯಷ್ಟೇ. ಒಳಗೆ ಗಾಳಿ ತೆಗೆದು ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಬಿಸಿ ತುದಿಯಲ್ಲಿ ನೀರು ನೂರು ಡಿಗ್ರಿಗೆ ಬಹಳ ಮುಂಚೆಯೇ ಆವಿಯಾಗುತ್ತದೆ. ಆವಿ ತಂಪು ತುದಿಗೆ ನುಗ್ಗಿ ಶಾಖ ಬಿಟ್ಟು ಮತ್ತೆ ನೀರಾಗುತ್ತದೆ, ಒಳಗೋಡೆಯ ರಂಧ್ರಮಯ ಪದರ ಆ ನೀರನ್ನು ಹೀರಿ ಹಿಂದಕ್ಕೆ ತರುತ್ತದೆ. ಪಂಪಿಲ್ಲ, ಸದ್ದಿಲ್ಲ. ಹಾಗೆಯೇ ತಟ್ಟೆಯ ಆಕಾರದಲ್ಲಿ ಮಾಡಿದ್ದು ವೇಪರ್ ಚೇಂಬರ್. ತಂಪು ತುದಿಯಲ್ಲಿ ತೆಳು ಲೋಹದ ರೆಕ್ಕೆಗಳು ಒತ್ತೊತ್ತಾಗಿ ನಿಂತಿರುತ್ತವೆ, ಫ್ಯಾನ್ ಅವುಗಳ ನಡುವೆ ಗಾಳಿ ನೂಕುತ್ತದೆ.

ಆ ಗಾಳಿ ಎಷ್ಟು ಬೇಕು? 200 ವ್ಯಾಟ್ ಶಾಖ ಹೊರಗೆ ಹೋಗಬೇಕು, ಗಾಳಿ 15 ಡಿಗ್ರಿ ಬಿಸಿಯಾಗಿ ಹೊರಬೀಳಲಿ ಎಂದುಕೊಂಡರೆ ಸೆಕೆಂಡಿಗೆ ಸುಮಾರು 11 ಲೀಟರ್ ಗಾಳಿ ಬೆರಳಗಲದ ಕಿಂಡಿಗಳಿಂದ ಹಾಯಬೇಕು. ಫ್ಯಾನಿನ ವೇಗ ಇಮ್ಮಡಿಯಾದರೆ ಗಾಳಿ ಇಮ್ಮಡಿ, ಅದು ತಿನ್ನುವ ವಿದ್ಯುತ್ತು ಎಂಟು ಪಟ್ಟು, ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚು. ಡೆಸ್ಕ್‌ಟಾಪಿನ ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿ ಮಾಡುವ ಕೆಲಸಕ್ಕೆ ಲ್ಯಾಪ್‌ಟಾಪಿನ ಪುಟ್ಟ ಫ್ಯಾನ್ ಕಿರುಚಬೇಕಾಗುವುದು ಇದಕ್ಕೇ.

ಜತ್ತದ ಮಧ್ಯಾಹ್ನದ ಲೆಕ್ಕವನ್ನು ಇನ್ನು ಬಿಡಿಸಿ ನೋಡಬಹುದು. ಒಂದು ಲ್ಯಾಪ್‌ಟಾಪಿನ ತಂಪು ವ್ಯವಸ್ಥೆ ಪ್ರತಿ ವ್ಯಾಟ್‌ಗೆ 0.6 ಡಿಗ್ರಿಯಷ್ಟು ಏರಿಕೆ ಬಿಟ್ಟುಕೊಡುತ್ತದೆ ಎಂದು ಇಟ್ಟುಕೊಳ್ಳೋಣ. 100 ವ್ಯಾಟ್ ಉಣ್ಣುವ ಪ್ರೊಸೆಸರ್ ಸುತ್ತಲಿನ ಗಾಳಿಗಿಂತ 60 ಡಿಗ್ರಿ ಮೇಲಿರುತ್ತದೆ. ಕೋಣೆ 25 ಡಿಗ್ರಿ ಇದ್ದರೆ ಚಿಪ್ಪು 85ರಲ್ಲಿ ನೆಮ್ಮದಿಯಾಗಿರುತ್ತದೆ. ಕೋಣೆ 40 ಇದ್ದರೆ ನೇರ 100. ಇಂಟೆಲ್‌ನ ಈ ವರ್ಗದ ಹಲವು ಚಿಪ್ಪುಗಳಿಗೆ 100 ಡಿಗ್ರಿಯೇ ಗಡಿ. ಅದನ್ನು ಮುಟ್ಟಿದೊಡನೆ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದನ್ನೇ ಥ್ರಾಟ್ಲಿಂಗ್ ಅನ್ನುತ್ತಾರೆ. 25 ಡಿಗ್ರಿಯ ಕೋಣೆಯಲ್ಲಿ 125 ವ್ಯಾಟ್‌ವರೆಗೆ ಹೋಗಬಹುದಾಗಿದ್ದ ಯಂತ್ರಕ್ಕೆ ಇಲ್ಲಿ ಸಿಗುವುದು 100 ವ್ಯಾಟ್. ಆದರೆ ಘನದ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ: ಐದರಲ್ಲೊಂದು ಪಾಲು ವಿದ್ಯುತ್ತು ಹೋದರೂ ವೇಗ ಹೋಗುವುದು ಶೇಕಡಾ 7. ತೊಂದರೆ ಕೊಡುವುದು ಆ ನಷ್ಟಕ್ಕಿಂತ ಅದು ಬರುವ ರೀತಿ. ಚಿಪ್ಪು ಗಡಿ ಮುಟ್ಟಿ ಇಳಿಯುತ್ತದೆ, ಆರಿ ಏರುತ್ತದೆ, ಮತ್ತೆ ಮುಟ್ಟುತ್ತದೆ. ಆಟ ತಡವರಿಸುತ್ತದೆ, ಫ್ಯಾನ್ ಇಡೀ ಮಧ್ಯಾಹ್ನ ಕಿರುಚುತ್ತದೆ. ಬಿಸಿಯಾದ ಟ್ರಾನ್ಸಿಸ್ಟರ್ ಸುಮ್ಮನಿದ್ದಾಗಲೂ ಹೆಚ್ಚು ವಿದ್ಯುತ್ತು ಸೋರಿಸುವುದರಿಂದ ಹೊರೆ ಇನ್ನಷ್ಟು ಬೀಳುತ್ತದೆ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬ ಪ್ರಶ್ನೆಯಲ್ಲಿ ಹೆಸರುಗಳು ದಾರಿ ತಪ್ಪಿಸುತ್ತವೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 16,384 ಗಣಕ ಘಟಕಗಳೂ 24 ಗಿಗಾಬೈಟ್ ಸ್ಮೃತಿಯೂ ಇವೆ. ಅದೇ 4090 ಹೆಸರು ಹೊತ್ತ ಲ್ಯಾಪ್‌ಟಾಪ್ ಚಿಪ್ಪಿನಲ್ಲಿರುವುದು 9,728 ಘಟಕ, 16 ಗಿಗಾಬೈಟ್. ಅದರ ವಿದ್ಯುತ್ ಮಿತಿಯನ್ನು 80ರಿಂದ 150 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಇಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ಕಂಪನಿಗಿದೆ. ತೆಳು ಮೈಯ ಲ್ಯಾಪ್‌ಟಾಪಿನಲ್ಲಿ ಕೆಳಗಿನ ಮಿತಿ, ದಪ್ಪ ಮೈಯದರಲ್ಲಿ ಮೇಲಿನದು. ಸಾಂಗಲಿ, ವಿಜಯಪುರ, ಸೊಲ್ಲಾಪುರದ ಅಂಗಡಿಗಳಲ್ಲಿ ಯಂತ್ರ ಕೊಳ್ಳುವವರು ಕಾರ್ಡಿನ ಹೆಸರಿನ ಜೊತೆ ಈ ವ್ಯಾಟ್ ಅಂಕಿಯನ್ನೂ ಕೇಳಿ ತಿಳಿಯಬೇಕು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪು ಸಾಮಾನ್ಯವಾಗಿ ಒಂದೇ ಹೀಟ್ ಪೈಪುಗಳನ್ನು ಹಂಚಿಕೊಳ್ಳುತ್ತವೆ. ಒಂದು ಕಾದರೆ ಇನ್ನೊಂದೂ ಕಾಯುತ್ತದೆ, ಒಂದಕ್ಕೆ ಕೊಟ್ಟ ವ್ಯಾಟ್ ಇನ್ನೊಂದರ ಪಾಲಿನಿಂದ ಹೋಗುತ್ತದೆ.

ಡೆಸ್ಕ್‌ಟಾಪಿನಲ್ಲಿ ಆ ಹಂಚಿಕೆಯ ಕಟ್ಟುಪಾಡಿಲ್ಲ, ಭಾಗಗಳನ್ನು ಆರಿಸಿಕೊಳ್ಳುವ ಅನುಕೂಲವೂ ಇದೆ. ಎಎಂಡಿ 2023ರಲ್ಲಿ ತಂದ ರೈಜನ್ 7 7800ಎಕ್ಸ್3ಡಿ ಇದಕ್ಕೆ ಒಳ್ಳೆಯ ಉದಾಹರಣೆ. ಕ್ಲಾಕ್ ವೇಗ ಏರಿಸುವ ಬದಲು ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಸ್ಮೃತಿ ಕೂರಿಸಿ 96 ಮೆಗಾಬೈಟ್ ಮಾಡಿದರು. ಆಟಗಳಿಗೆ ಬೇಕಾದ ಮಾಹಿತಿ ಹತ್ತಿರದಲ್ಲೇ ಸಿಗುವುದರಿಂದ ಅದು ಇಂಟೆಲ್‌ನ 253 ವ್ಯಾಟಿನ ಪ್ರತಿಸ್ಪರ್ಧಿಗೆ ಸರಿಸಾಟಿಯಾಗಿ ನಿಲ್ಲುತ್ತದೆ, ಅದೂ ಅದರ ಸಣ್ಣ ಪಾಲು ವಿದ್ಯುತ್ತಿನಲ್ಲಿ. ಬಿಸಿಲು ಸೀಮೆಯಲ್ಲಿ ಹೊಸದಾಗಿ ಯಂತ್ರ ಕಟ್ಟುವವರಿಗೆ ಇಂಥ ಚಿಪ್ಪೇ ಮೊದಲ ಆಯ್ಕೆಯಾಗಬೇಕು.

ಜಲತಂಪು ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಶಾಖವನ್ನು ಚಿಪ್ಪಿನಿಂದ ದೊಡ್ಡ ರೇಡಿಯೇಟರಿಗೆ ಒಯ್ಯುತ್ತದೆ, ಅಲ್ಲಿಂದ ಅದು ಸೇರುವುದು ಅದೇ 40 ಡಿಗ್ರಿಯ ಗಾಳಿಗೆ. ಕೋಣೆಗಿಂತ ತಂಪು ಯಾವ ರೇಡಿಯೇಟರಿನಿಂದಲೂ ಸಿಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರಿಗೆ ಚಿಪ್ಪಿನ ಬುಡಕ್ಕೇ ದ್ರವ ಹರಿಸುವುದು ಅನಿವಾರ್ಯ. ಮನೆಯ ಯಂತ್ರಕ್ಕೆ ಅದೊಂದು ಪಂಪಿನ ಹೆಚ್ಚುವರಿ ಚಿಂತೆ.

ಕೋಣೆಯ ಗಾಳಿಯನ್ನೇ ತಣಿಸುವುದು ಇದಕ್ಕಿಂತ ಸುಲಭ, ಒಣ ಹವೆ ಅದಕ್ಕೆ ಒದಗಿಬರುತ್ತದೆ. 40 ಡಿಗ್ರಿ ಬಿಸಿ, ಶೇಕಡಾ 20 ತೇವ ಇರುವ ಗಾಳಿ ನೀರನ್ನು ಆವಿಯಾಗಿಸುತ್ತ 23 ಡಿಗ್ರಿಯ ಹತ್ತಿರದವರೆಗೂ ತಣಿಯಬಲ್ಲದು. ಸಾಧಾರಣ ಏರ್ ಕೂಲರ್ ಅಷ್ಟು ದೂರ ಹೋಗದಿದ್ದರೂ 28–30 ಡಿಗ್ರಿಯ ಗಾಳಿ ಕೊಡಬಲ್ಲದು. ಯಂತ್ರದ ಒಳಭಾಗ ಕೋಣೆಗಿಂತ ಬಿಸಿಯಿರುವುದರಿಂದ ಅಲ್ಲಿ ಹನಿ ಕಟ್ಟುವ ಭಯವಿಲ್ಲ. ಆದರೆ ಕೂಲರಿನ ಬಾಯಿಗೆ ನೇರ ಹಿಡಿಯಬಾರದು. ಬೋರ್‌ವೆಲ್ಲಿನ ಗಡಸು ನೀರಿನ ತುಂತುರು ಒಳಸೇರಿದರೆ ಒಣಗಿದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ. ಕಿಟಕಿ ತೆರೆದಿರಬೇಕು, ಇಲ್ಲವಾದರೆ ತೇವ ತುಂಬಿ ಕೂಲರಿನ ಗುಣವೇ ಹೋಗುತ್ತದೆ.

ಧೂಳು ಬಿಸಿಲಿಗಿಂತ ಕೆಟ್ಟದ್ದು. ಈ ಸೀಮೆಯಲ್ಲಿ ಒಂದೆರಡು ವರ್ಷ ದುಡಿದ ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಫ್ಯಾನಿನ ಎಲೆಗಳ ಅಂಚಿನಲ್ಲಿ ಬೂದುಬಣ್ಣದ ಪುಡಿ ಕಾಣುತ್ತದೆ. ನಿಜವಾದ ಅಡ್ಡಿ ಅಲ್ಲಿರುವುದಿಲ್ಲ. ಫ್ಯಾನ್ ಮುಗಿದು ರೆಕ್ಕೆಗಳು ಶುರುವಾಗುವ ಸಂದಿಯಲ್ಲಿ ಮಣ್ಣಿನ ಧೂಳು, ಬಟ್ಟೆಯ ಎಳೆ, ಕೂದಲು ಹೆಣೆದುಕೊಂಡು ಕಂಬಳಿಯ ತುಂಡಿನಂಥ ಪಟ್ಟಿಯಾಗಿ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಕದಲದು. ತಳ ಬಿಚ್ಚಿ ಚಿಮಟದಿಂದ ಎತ್ತಿ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಜೋರು ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೌದಿಯ ಮೇಲಿಟ್ಟು ಆಡಿದರೆ ತಳದ ಕಿಂಡಿಗಳೇ ಮುಚ್ಚಿಹೋಗುತ್ತವೆ. ಹಿಂಬದಿಯನ್ನು ಎರಡು ಬೆರಳಷ್ಟು ಎತ್ತರಿಸಿ ಗಟ್ಟಿ ಮೇಜಿನ ಮೇಲಿಟ್ಟರೆ ಕಾಸಿಲ್ಲದೆ ಕೆಲವು ಡಿಗ್ರಿ ಉಳಿಯುತ್ತದೆ. ಡೆಸ್ಕ್‌ಟಾಪಿನಲ್ಲಿ ಒಳಗೆ ಗಾಳಿ ತರುವ ಫ್ಯಾನುಗಳು ಹೊರಗೆ ನೂಕುವವಕ್ಕಿಂತ ಹೆಚ್ಚಿದ್ದು ಅವುಗಳ ಮುಂದೆ ಜಾಲರಿ ಇದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗದು. ಜಾಲರಿ ಸ್ವಲ್ಪ ಗಾಳಿಯನ್ನು ತಡೆಯುತ್ತದೆ, ಆ ನಷ್ಟ ಇಲ್ಲಿ ಒಪ್ಪತಕ್ಕದ್ದೇ.

ಇನ್ನು ಟ್ಯೂನಿಂಗ್. ಅತಿ ಸುಲಭದ್ದು ಫ್ರೇಮ್ ಮಿತಿ. ಸೆಕೆಂಡಿಗೆ 165 ಚಿತ್ರ ತೋರಿಸಬಲ್ಲ ಪರದೆಯಿದೆಯೆಂದು ಕಥೆಯ ಆಟವನ್ನೂ 165ಕ್ಕೆ ಓಡಿಸಬೇಕಿಲ್ಲ. 60 ಅಥವಾ 90ಕ್ಕೆ ನಿಲ್ಲಿಸಿದರೆ ಚಿಪ್ಪಿಗೆ ಚಿತ್ರಚಿತ್ರಗಳ ನಡುವೆ ಬಿಡುವು ಸಿಗುತ್ತದೆ. ಎರಡನೆಯದು ವಿದ್ಯುತ್ ಮಿತಿ. 4090 ಕಾರ್ಡನ್ನು 450ರಿಂದ 315 ವ್ಯಾಟ್‌ಗೆ, ಅಂದರೆ ಶೇಕಡಾ 70ಕ್ಕೆ ಇಳಿಸಿದರೂ ಬಹುತೇಕ ಆಟಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕ ವೇಗ ಉಳಿಯುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99 ಮಾಡಿದರೆ ಟರ್ಬೊ ಪೂರ್ತಿ ನಿಲ್ಲುತ್ತದೆ. ಅದು ಮೊಂಡು ಉಪಾಯ, ಕೆಲವು ಆಟಗಳು ನರಳುತ್ತವೆ. ವ್ಯಾಟ್ ಮಿತಿ ಇಳಿಸುವುದು ಅದಕ್ಕಿಂತ ನಾಜೂಕು.

ಮೂರನೆಯದು ಅಂಡರ್‌ವೋಲ್ಟಿಂಗ್, ಅಂದರೆ ವೇಗ ಅಷ್ಟೇ ಇಟ್ಟು ವೋಲ್ಟೇಜ್ ಮಾತ್ರ ತಗ್ಗಿಸುವುದು. ಎಲ್ಲ ಚಿಪ್ಪೂ ಒಂದೇ ಹದದಲ್ಲಿ ಬರುವುದಿಲ್ಲವಾದ್ದರಿಂದ ಕಂಪನಿ ಎಲ್ಲಕ್ಕೂ ಒಂದಿಷ್ಟು ಹೆಚ್ಚು ವೋಲ್ಟೇಜ್ ಕೊಟ್ಟಿರುತ್ತದೆ. ಆ ಹೆಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಯುತ್ತ, ಪ್ರತಿ ಹಂತದಲ್ಲೂ ಆಟ ಆಡಿ ನೋಡುತ್ತ ಹೋಗಬೇಕು. ಅತಿಯಾದರೆ ಯಂತ್ರ ಸ್ಥಗಿತಗೊಳ್ಳುತ್ತದೆ, ಸುಡುವುದಿಲ್ಲ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿನ ಈ ಸೌಲಭ್ಯಕ್ಕೆ ಬೀಗ ಬಿತ್ತು. ಗ್ರಾಫಿಕ್ಸ್ ಚಿಪ್ಪಿಗೆ ಅದು ಇನ್ನೂ ತೆರೆದಿದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ವೋಲ್ಟೇಜ್ ಏರಿಸುತ್ತ ಹೋದರೆ ಏನಾಗುತ್ತದೆಂದು 2024ರಲ್ಲಿ ಕಂಡಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಹಲವು ಅತಿ ವೋಲ್ಟೇಜಿನಿಂದ ಸವೆದು ಅಸ್ಥಿರವಾದವು. ಕಂಪನಿ ಆಗಸ್ಟಿನಲ್ಲಿ ಮೈಕ್ರೋಕೋಡ್ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಬಯಾಸ್ ಜೊತೆ ಬರುವುದರಿಂದ ಆ ಚಿಪ್ಪುಗಳಿರುವ ಯಂತ್ರದ ಬಯಾಸ್ ಹೊಸತಾಗಿರುವುದು ಕಡ್ಡಾಯ.

ಕರೆಂಟು ಹೋದಾಗಿನ ಲೆಕ್ಕವೇ ಬೇರೆ. 850 ವಿಎ ಇನ್ವರ್ಟರ್ ಕೊಡಬಲ್ಲದ್ದು ಸುಮಾರು 700 ವ್ಯಾಟ್. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಾರ್ಧದಲ್ಲಿ ತಮ್ಮ ಮಿತಿ ದಾಟಿ ಎಳೆಯುತ್ತವೆ. 2022ರ ಎಟಿಎಕ್ಸ್ 3.0 ಮಾನದಂಡ ಪವರ್ ಸಪ್ಲೈಗಳು ಅತ್ಯಲ್ಪ ಕಾಲ ಎರಡು ಪಟ್ಟು ಹೊರೆ ತಾಳಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಒಳ್ಳೆಯ ಪವರ್ ಸಪ್ಲೈಗಳೇ ಕೆಲವೊಮ್ಮೆ ಕೈಚೆಲ್ಲುತ್ತವೆ, ಸೈನ್ ವೇವ್ ಬೇಕು. ವ್ಯಾಟ್ ಮಿತಿ ಇಳಿಸಿದ ಯಂತ್ರ ಇಲ್ಲೂ ಗೆಲ್ಲುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ನಿಜ. ವಿಮಾನ ಪ್ರಯಾಣದ 100 ವ್ಯಾಟ್-ಗಂಟೆಯ ನಿಯಮದಿಂದಾಗಿ ಅದು ಅಷ್ಟಕ್ಕಿಂತ ದೊಡ್ಡದಿರುವುದಿಲ್ಲ. 200 ವ್ಯಾಟ್ ಎಳೆದರೆ ಅರ್ಧ ಗಂಟೆಯಲ್ಲಿ ಖಾಲಿ, ಹಾಗಾಗಿ ಬ್ಯಾಟರಿಯಲ್ಲಿದ್ದಾಗ ಯಂತ್ರ ತಾನಾಗಿಯೇ ವೇಗ ತಗ್ಗಿಸುತ್ತದೆ. ಪೂರ್ಣ ಚಾರ್ಜೂ ಬಿಸಿಯೂ ಒಟ್ಟಿಗಿದ್ದರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಸದಾ ಚಾರ್ಜರಿಗೆ ಜೋಡಿಸಿ ಆಡುವವರು ಕಂಪನಿಯ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು ಶೇಕಡಾ 60 ಅಥವಾ 80ಕ್ಕೆ ಇಡಬೇಕು. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಂತೆ ಕಂಡರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಒತ್ತದೆ, ಚುಚ್ಚದೆ, ಮತ್ತೆ ಚಾರ್ಜಿಗೆ ಹಾಕದೆ ಬದಲಾಯಿಸಿಕೊಳ್ಳಬೇಕು.